ಮಹಾ ಗ್ರೆಗೊರಿಯ ‘ಪಾಲಕಸೂತ್ರ’: ಬೈಬಲಿನಿಂದ ಎತ್ತಿದ ನಾಯಕತ್ವಪಾಠಗಳು

ಕ್ರಿ. ಶ. 589ರ ಕೊನೆಯ ಭಾಗದಲ್ಲಿ ಟೈಬರ್ ನದಿಯು ಉಕ್ಕಿ ಹರಿದು ರೋಮ್ ನಗರದ ತಗ್ಗು ಪ್ರದೇಶಗಳನ್ನೆಲ್ಲ ಮುಳುಗಿಸಿತು. ಚರ್ಚಿನ ಧಾನ್ಯದ ಉಗ್ರಾಣಗಳು ನೀರುಪಾಲಾದವು. ಪ್ರವಾಹದ ಬೆನ್ನಿಗೇ ಮಹಾಮಾರಿ ಬಂದಿತು. 590ರ ಫೆಬ್ರವರಿಯಲ್ಲಿ ಅದಕ್ಕೆ ತುತ್ತಾದವರಲ್ಲಿ ಪೋಪ್ ಎರಡನೆಯ ಪೆಲಾಗಿಯಸನೂ ಒಬ್ಬ. ಇಟಲಿಯ ಬಹುಭಾಗವನ್ನು ಲೊಂಬಾರ್ಡರು ಆಕ್ರಮಿಸಿಕೊಂಡಿದ್ದರು. ಚಕ್ರವರ್ತಿಯು ದೂರದ ಕಾನ್‌ಸ್ಟಾಂಟಿನೋಪಲಿನಲ್ಲಿದ್ದನು. ಅವನ ಪ್ರತಿನಿಧಿಯು ರವೆನ್ನದ ಕೋಟೆಯನ್ನು ಬಿಟ್ಟು ಕದಲುವಂತಿರಲಿಲ್ಲ. ಇಂತಹ ಸನ್ನಿವೇಶದಲ್ಲಿ ರೋಮಿನ ಜನರು ಗ್ರೆಗೊರಿಯನ್ನು ತಮ್ಮ ಬಿಷಪನನ್ನಾಗಿ ಆರಿಸಿದರು. ಆತ ಶ್ರೀಮಂತ ಮನೆತನದವನು. ಒಮ್ಮೆ ನಗರದ ಮುಖ್ಯಾಧಿಕಾರಿಯಾಗಿದ್ದವನು. ಬಳಿಕ ಆ ವೈಭವವನ್ನು ತೊರೆದು, ಸೀಲಿಯನ್ ಗುಡ್ಡದ ಮೇಲಿದ್ದ ಪಿತ್ರಾರ್ಜಿತ ಗೃಹವನ್ನೇ ಮಠವನ್ನಾಗಿ ಮಾರ್ಪಡಿಸಿ ಅಲ್ಲಿ ಸಂನ್ಯಾಸಿಯಾಗಿ ನೆಲೆಸಿದ್ದವನು. ಈ ಪದವಿಯಿಂದ ತಪ್ಪಿಸಿಕೊಳ್ಳಲು ಆತ ಯತ್ನಿಸಿದನು, ಯತ್ನ ಫಲಿಸಲಿಲ್ಲ. ಸೆಪ್ಟೆಂಬರ್ 3ರಂದು ಆತನ ಅಭಿಷೇಕವಾಯಿತು.

ಹೀಗೆ ಹಿಂಜರಿದುದೇಕೆಂದು ಜಾನ್ ಎಂಬ ಬಿಷಪನು ಆತನನ್ನು ಸೌಮ್ಯವಾಗಿಯೇ ಆಕ್ಷೇಪಿಸಿದನು. ಈ ಜಾನನು ರವೆನ್ನದ ಬಿಷಪನೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಭಿಪ್ರಾಯ. ಆ ಆಕ್ಷೇಪಕ್ಕೆ ಕೊಟ್ಟ ಉತ್ತರವೇ ‘ರೆಗುಲ ಪಾಸ್ತೊರಾಲಿಸ್’ ಎಂಬ ಲ್ಯಾಟಿನ್ ಗ್ರಂಥ. ಇದನ್ನು ‘ಪಾಲಕಸೂತ್ರ’ವೆಂದು ಕರೆದರೆ ತಪ್ಪಾಗಲಾರದು, ಕನ್ನಡ ಕ್ರೈಸ್ತರ ‘ಸಭಾಪಾಲಕ’ ಶಬ್ದದಲ್ಲಿರುವ ಅರ್ಥಚ್ಛಾಯೆಯೇ ಇಲ್ಲಿಯೂ ಇದೆ. ಗ್ರಂಥದಲ್ಲಿ ನಾಲ್ಕು ಭಾಗಗಳಿವೆ. ಅಧಿಕಾರಕ್ಕೆ ಯಾರು ಬರಬೇಕು, ಬಂದವನು ಹೇಗೆ ಬಾಳಬೇಕು, ಹೇಗೆ ಬೋಧಿಸಬೇಕು ಎಂಬುವು ಮೊದಲ ಮೂರರ ವಿಷಯ. ನಾಲ್ಕನೆಯದು ಒಂದೇ ಅಧ್ಯಾಯ. ಬೋಧಿಸಿದವನು ತನ್ನ ಅಂತರಂಗಕ್ಕೆ ಮರಳಿ ನೋಡಿಕೊಳ್ಳಬೇಕೆಂಬುದಷ್ಟೇ ಅದರ ಸಾರ.

ಧರ್ಮಗ್ರಂಥದ ಘಟನೆಗಳಿಂದ ಆಡಳಿತದ ತತ್ತ್ವವನ್ನು ಹೊರತೆಗೆಯುವ ಗ್ರೆಗೊರಿಯ ಕ್ರಮವು ಇಂದಿನ ಓದುಗನಿಗೆ ಕೆಲವೆಡೆ ಕ್ಲಿಷ್ಟವೆನಿಸಬಹುದು. ಯಾಜಕನಾಗುವವನಿಗೆ ಇರಬಾರದ ಅಂಗದೋಷಗಳನ್ನು ಯಾಜಕಕಾಂಡವು ಪಟ್ಟಿಮಾಡುತ್ತದೆ. ಆ ಒಂದೊಂದು ದೋಷವನ್ನೂ ಗ್ರೆಗೊರಿಯು ಮನಸ್ಸಿನ ದೋಷವಾಗಿ ಓದುತ್ತಾನೆ. ವಾಸನೆಯನ್ನು ಬೇರ್ಪಡಿಸಿ ತಿಳಿಯುವುದು ಮೂಗು. ಆದ್ದರಿಂದ ಮೂಗು ಚಿಕ್ಕದಾದವನು ವಿವೇಚನೆಯಿಲ್ಲದವನು. ಅದು ಅತಿ ದೊಡ್ಡದಾದವನು ಸಲ್ಲದ ಸೂಕ್ಷ್ಮತೆಯಿಂದ ಎಲ್ಲವನ್ನೂ ಸೀಳಿ ಸೀಳಿ ತನ್ನ ಕಾರ್ಯವನ್ನೇ ಕೆಡಿಸಿಕೊಳ್ಳುವವನು. ಯಾಜಕರು ತಲೆಯನ್ನು ಬೋಳಿಸಬಾರದು, ಕೂದಲನ್ನು ನೀಳವಾಗಿ ಬಿಡಲೂ ಬಾರದು, ಕತ್ತರಿಸಿಕೊಳ್ಳಬೇಕು ಎಂದು ಯೆಹೆಜ್ಕೇಲನ ಗ್ರಂಥದಲ್ಲಿ ಒಂದು ವಿಧಿಯುಂಟು. ಗ್ರೆಗೊರಿಗೆ ಕೂದಲು ಲೌಕಿಕ ಚಿಂತೆಯ ಸಂಕೇತ. ಅದನ್ನು ಪೂರ್ತಿ ಬೋಳಿಸಿಕೊಂಡವನು ತನ್ನ ಜನರ ಅನ್ನಬಟ್ಟೆಗಳನ್ನೇ ಮರೆಯುತ್ತಾನೆ. ಬೆಳೆಯಬಿಟ್ಟವನ ಕಣ್ಣಿಗೆ ಅದೇ ಅಡ್ಡ ಬೀಳುತ್ತದೆ. ನಗುವುದಕ್ಕೆ ಅವಕಾಶವಿದ್ದರೂ, ಮುಳುಗಿದ ಉಗ್ರಾಣಗಳ ನಡುವೆ ಅಧಿಕಾರ ವಹಿಸಿದವನ ಮಾತು ಇದು ಎಂಬುದನ್ನು ಮರೆಯಬಾರದು. ಆತನ ಪತ್ರಗಳು ಸುಮಾರು 850 ಉಳಿದಿವೆ. ಸಿಸಿಲಿಯ ಚರ್ಚ್ ಜಮೀನುಗಳಲ್ಲಿ ಒಕ್ಕಲುಗಳಿಂದ ದೊಡ್ಡ ಕೊಳಗದಲ್ಲಿ ಧಾನ್ಯ ಅಳೆದುಕೊಳ್ಳುವ ಅನ್ಯಾಯವನ್ನು ತಡೆದು, ಕೊಳಗವು 18 ಸೆಕ್ಸ್ಟೇರಿಯಸ್ ಮೀರಬಾರದೆಂದು ಆತ ಬರೆದ ಪತ್ರವೂ ಅವುಗಳಲ್ಲಿ ಸೇರಿದೆ.

ಅಧಿಕಾರವನ್ನು ಬಯಸಬಹುದೇ ಎಂಬ ಪ್ರಶ್ನೆಗೆ ಆತ ಇಬ್ಬರು ಪ್ರವಾದಿಗಳನ್ನು ಮುಂದಿಡುತ್ತಾನೆ. ದೇವರ ಕರೆ ಬಂದಾಗ ಯೆಶಾಯನು ತಾನಾಗಿ ಮುಂದೆ ಬಂದನು. ಯೆರೆಮೀಯನು ತಾನಿನ್ನೂ ಬಾಲಕನೆಂದು ಹಿಂಜರಿದನು. ಇಬ್ಬರ ಮೂಲವೂ ಪ್ರೀತಿಯೇ: ಒಬ್ಬನದು ನೆರೆಯವನ ಮೇಲಿನದು, ಇನ್ನೊಬ್ಬನದು ದೇವರ ಮೇಲಿನದು. ಯೆಶಾಯನ ತುಟಿಗಳನ್ನು ಕೆಂಡದಿಂದ ಶುದ್ಧಿಗೊಳಿಸಿದ ಮೇಲೆಯೇ ಆತ ಒಪ್ಪಿಕೊಂಡನು, ಯೆರೆಮೀಯನು ಕೊನೆಯವರೆಗೂ ಹಟ ಹಿಡಿಯಲಿಲ್ಲ ಎಂಬುದನ್ನೂ ಗ್ರೆಗೊರಿಯು ಎತ್ತಿ ತೋರಿಸುತ್ತಾನೆ. ಬಿಷಪನ ಪದವಿಯನ್ನು ಬಯಸುವುದು ಒಳ್ಳೆಯ ಕೆಲಸವನ್ನು ಬಯಸಿದಂತೆ ಎಂದು ಪೌಲನು ತಿಮೊಥೆಯನಿಗೆ ಬರೆದುದನ್ನು ಪದವೀಕಾಂಕ್ಷಿಗಳು ಆಧಾರವಾಗಿ ಹಿಡಿಯುತ್ತಿದ್ದರು. ಇದಕ್ಕೆ ಗ್ರೆಗೊರಿಯ ಉತ್ತರ ನಿಜವಾದ ಇತಿಹಾಸಕಾರನದು: ಆ ಮಾತು ಬರೆದ ಕಾಲದಲ್ಲಿ ಸಭೆಯ ಮುಖ್ಯಸ್ಥನೇ ಚಿತ್ರಹಿಂಸೆಗೆ ಮೊದಲು ಗುರಿಯಾಗುತ್ತಿದ್ದನು ಎಂಬುದನ್ನು ಮರೆತು ಅದನ್ನು ಓದಬಾರದು.

ಗ್ರಂಥದ ಅತ್ಯಂತ ಗಹನವಾದ ಭಾಗವು ಎರಡನೆಯ ಪುಸ್ತಕದ ಆರನೆಯ ಅಧ್ಯಾಯವೆಂದು ನನ್ನ ಅಭಿಪ್ರಾಯ. ಪ್ರಕೃತಿಯು ಮನುಷ್ಯರೆಲ್ಲರನ್ನೂ ಸಮಾನರಾಗಿಯೇ ಹುಟ್ಟಿಸಿದೆ. ಒಬ್ಬನನ್ನು ಇನ್ನೊಬ್ಬನ ಕೆಳಗೆ ಇರಿಸಿದುದು ಪಾಪದಿಂದ ಬಂದ ಭೇದ ಎಂದು ಅಲ್ಲಿ ಪ್ರತಿಪಾದಿಸಲಾಗಿದೆ. ಜಲಪ್ರಳಯದ ನಂತರ ನೋಹನಿಗೂ ಅವನ ಮಕ್ಕಳಿಗೂ ದೊರೆತ ವರದಲ್ಲಿ, ಭೂಮಿಯ ಮೃಗಗಳು ಅವರಿಗೆ ಅಂಜಬೇಕೆಂದು ಇದೆ. ಮನುಷ್ಯರು ಅಂಜಬೇಕೆಂದು ಇಲ್ಲ. ಆದಕಾರಣ ಸಮಾನನಾದ ಮನುಷ್ಯನಿಂದ ಭಯವನ್ನು ಬಯಸುವುದು ಪ್ರಕೃತಿವಿರುದ್ಧವಾದ ಗರ್ವ. ಆದರೂ ದುಷ್ಟರ ವಿಷಯದಲ್ಲಿ ಭಯವು ಬೇಕಾಗುತ್ತದೆಂದು ಆತ ಒಪ್ಪುತ್ತಾನೆ. ತನ್ನ ಕಾಲಿಗೆ ಬಿದ್ದ ಕೊರ್ನೇಲ್ಯನನ್ನು, ತಾನೂ ಮನುಷ್ಯನೇ ಎಂದು ಹೇಳಿ ಮೇಲೆತ್ತಿದ ಪೇತ್ರನೇ ಅನನೀಯ ಸಪ್ಫೈರರ ವಂಚನೆಯ ಮುಂದೆ ತನ್ನ ಅಧಿಕಾರವನ್ನು ಪೂರ್ಣವಾಗಿ ತೋರಿದನು. ತನ್ನ ದೃಷ್ಟಿಯಲ್ಲಿ ತಾನು ಅಲ್ಪನಾಗಿದ್ದಾಗ ಅರಸನಾದ ಸೌಲನು, ಅರಸನಾದ ಮೇಲೆ ತನ್ನನ್ನು ದೊಡ್ಡವನೆಂದು ಬಗೆದು ತಿರಸ್ಕೃತನಾದನು. ದೇವದರ್ಶನದ ಮಂಜೂಷದಲ್ಲಿ ಕೋಲೂ ಇದೆ, ಮನ್ನವೂ ಇದೆ. ದಂಡಿಸುವ ಕೈಯಲ್ಲಿ ಮಾಧುರ್ಯವೂ ಇರಬೇಕು ಎಂದು ಅಧ್ಯಾಯ ಮುಗಿಯುತ್ತದೆ.

ಮೂರನೆಯ ಪುಸ್ತಕವು ಗಾತ್ರದಲ್ಲಿ ದೊಡ್ಡದು. ಬಡವರು ಮತ್ತು ಧನಿಕರು, ಹರ್ಷಚಿತ್ತರು ಮತ್ತು ಖಿನ್ನರು, ಮೌನಿಗಳು ಮತ್ತು ವಾಚಾಳಿಗಳು ಹೀಗೆ ಜೋಡಿ ಜೋಡಿಯಾಗಿ ಶ್ರೋತೃಗಳನ್ನು ವಿಂಗಡಿಸಿ, ಒಂದೇ ಉಪದೇಶವು ಎಲ್ಲರಿಗೂ ಹಿತವಲ್ಲವೆಂದು ಅಲ್ಲಿ ವಿವರಿಸಿದೆ. ಇದರ ಬೀಜವು ನಾಜಿಯಾಂಜಸಿನ ಗ್ರೆಗೊರಿಯಲ್ಲಿತ್ತು. ನಮ್ಮ ಗ್ರೆಗೊರಿಯು ಅದನ್ನು ಮರೆಮಾಚಿಲ್ಲ. ಬಲಿಷ್ಠನ ತಪ್ಪನ್ನು ಅವನಿಗೇ ತಿಳಿಸಬೇಕಾದಾಗ ಏನು ಮಾಡಬೇಕೆಂಬುದಕ್ಕೆ ನಾತಾನನ ದೃಷ್ಟಾಂತ ಬರುತ್ತದೆ. ಊರೀಯನನ್ನು ಕೊಲ್ಲಿಸಿದ ದಾವೀದನ ಮುಂದೆ ಆ ಪ್ರವಾದಿಯು ಬಡವನೊಬ್ಬನ ಕುರಿಮರಿಯ ಕಥೆಯನ್ನು ಹೇಳಿ, ಅರಸನ ಬಾಯಿಂದಲೇ ತೀರ್ಪನ್ನು ಪಡೆದು, ಬಳಿಕ ಆ ತೀರ್ಪನ್ನು ಅವನ ಮೇಲೆಯೇ ತಿರುಗಿಸಿದನು. ಶಸ್ತ್ರವನ್ನು ಬಟ್ಟೆಯಲ್ಲಿ ಮರೆಸಿಕೊಂಡು ರೋಗಿಯ ಬಳಿಗೆ ಹೋಗುವ ವೈದ್ಯನಿಗೆ ಗ್ರೆಗೊರಿಯು ಅವನನ್ನು ಹೋಲಿಸುತ್ತಾನೆ.

ಈ ಉಪಮೆಯನ್ನು ಬರೆದವನಿಗೇ ಅಂತಹ ಪರೀಕ್ಷೆಯ ಕಾಲ ಬಂದಿತು. 602ರ ನವೆಂಬರಿನಲ್ಲಿ ಫೋಕಸ್ ಎಂಬ ಸೇನಾನಿಯು ದಂಗೆಯೆದ್ದು ಸಿಂಹಾಸನವನ್ನು ಹಿಡಿದು, ಮಾರಿಸ್ ಚಕ್ರವರ್ತಿಯ ಕಣ್ಣೆದುರಿಗೇ ಅವನ ಪುತ್ರರನ್ನು ಕೊಲ್ಲಿಸಿ, ಕೊನೆಗೆ ಅವನನ್ನೂ ಕೊಲ್ಲಿಸಿದನು. 603ರಲ್ಲಿ ಗ್ರೆಗೊರಿಯು ಈ ಫೋಕಸನಿಗೆ ಬರೆದ ಅಭಿನಂದನಾಪತ್ರವು ಉಳಿದಿದೆ. ಸ್ವರ್ಗವೂ ಭೂಮಿಯೂ ಹರ್ಷಿಸಲೆಂಬ ಧಾಟಿ ಅದರದು. ಸತ್ತ ಚಕ್ರವರ್ತಿಯೊಡನೆ ಆತನಿಗೆ ವೈಮನಸ್ಯವಿದ್ದುದು ನಿಜ: ಸೈನಿಕರು ಮಠ ಸೇರುವುದನ್ನು ತಡೆದ ಶಾಸನ, ಕಾನ್‌ಸ್ಟಾಂಟಿನೋಪಲಿನ ಪಿತೃಪತಿಯು ಧರಿಸಿದ ‘ಸಾರ್ವತ್ರಿಕ’ ಬಿರುದು, ಲೊಂಬಾರ್ಡರೊಡನೆ ಸಂಧಿಯ ಪ್ರಶ್ನೆ. ಪತ್ರವು ರಾಜಶಿಷ್ಟಾಚಾರವೆಂದೂ, ಇಟಲಿಯ ರಕ್ಷಣೆಗೆ ಬೇರೆ ದಾರಿಯಿರಲಿಲ್ಲವೆಂದೂ ಆತನ ಸಮರ್ಥಕರು ಹೇಳುತ್ತಾರೆ. ಒಪ್ಪಬಹುದು. ಆದರೆ ಬೊಗಳಲಾರದ ನಾಯಿಗಳೆಂದು ಯೆಶಾಯನು ಜರೆದ ಕಾವಲುಗಾರರ ಪ್ರಸ್ತಾಪವನ್ನು ತನ್ನ ಗ್ರಂಥದಲ್ಲಿ ತಂದವನು ಆತನೇ. ಸಾರ್ಡಿನಿಯದಲ್ಲಿ ಕ್ರೈಸ್ತರಾಗಲೊಪ್ಪದ ಒಕ್ಕಲುಗಳ ಮೇಲೆ ಗೇಣಿಯ ಭಾರವನ್ನು ಹೆಚ್ಚಿಸುವಂತೆ 594ರಲ್ಲಿ ಬರೆದ ಪತ್ರವನ್ನೂ ಸಿಸಿಲಿಯ ಕೊಳಗದ ಪತ್ರದ ಪಕ್ಕದಲ್ಲಿಯೇ ಇಟ್ಟು ಓದಬೇಕು. ತನ್ನನ್ನು ದೇವರ ದಾಸರ ದಾಸನೆಂದು ಕರೆದುಕೊಂಡವನ ಎರಡು ಮುಖಗಳೂ ಒಂದೇ ದಫ್ತರದಲ್ಲಿವೆ.

ಗ್ರಂಥವಾದರೋ ಕರ್ತೃವನ್ನು ಮೀರಿ ಬೆಳೆಯಿತು. ಆತನ ಜೀವಿತಕಾಲದಲ್ಲಿಯೇ ಅಂತಿಯೋಕ್ಯದ ಪಿತೃಪತಿ ಅನಸ್ತಾಸಿಯಸನು ಅದನ್ನು ಗ್ರೀಕಿಗೆ ಪರಿವರ್ತಿಸಿದನು. ಗ್ರೆಗೊರಿಯು ಬಹುತೇಕ ಕಡೆಗಳಲ್ಲಿ ‘ಬಿಷಪ್’ ಎನ್ನದೆ ‘ರೆಕ್ಟರ್’, ಅಂದರೆ ಆಳುವವನು, ಎಂಬ ಶಬ್ದವನ್ನು ಬಳಸಿದ್ದರಿಂದ ಅರಸರೂ ಅದನ್ನು ತಮಗೆ ಬರೆದುದೆಂದು ಓದಲು ಸಾಧ್ಯವಾಯಿತು. 871ರಿಂದ 899ರವರೆಗೆ ವೆಸೆಕ್ಸನ್ನು ಆಳಿದ ಆಲ್ಫ್ರೆಡನು ಹೀಗೆ ಓದಿದವರಲ್ಲಿ ಪ್ರಮುಖ. ವೈಕಿಂಗರ ದಾಳಿಯಿಂದ ಗ್ರಂಥಾಲಯಗಳು ಸುಟ್ಟುಹೋಗಿ, ಲ್ಯಾಟಿನ್ ಬಲ್ಲವರು ವಿರಳರಾಗಿದ್ದ ಕಾಲವದು. ಬಿಷಪರಾದ ಪ್ಲೆಗ್ಮಂಡ್, ಆಸರ್ ಮೊದಲಾದವರಿಂದ ಪಾಠ ಹೇಳಿಸಿಕೊಂಡು ಆತ ಈ ಗ್ರಂಥವನ್ನು ತನ್ನ ಜನರ ಭಾಷೆಗೆ ತಂದು, ರಾಜ್ಯದ ಪ್ರತಿಯೊಂದು ಬಿಷಪ್ ಪೀಠಕ್ಕೂ ಒಂದೊಂದು ಪ್ರತಿಯನ್ನು ಕಳುಹಿಸುವ ಏರ್ಪಾಡು ಮಾಡಿದನು. ಪ್ರತಿಯೊಡನೆ 50 ಮ್ಯಾಂಕಸ್ ಬೆಲೆಯ ಒಂದು ಓದುಗಡ್ಡಿಯೂ ಹೋಗುತ್ತಿತ್ತು. 1693ರಲ್ಲಿ ಸಾಮರ್ಸೆಟ್ಟಿನಲ್ಲಿ ದೊರೆತ, ‘ಆಲ್ಫ್ರೆಡನ ಆಭರಣ’ವೆಂದು ಹೆಸರಾದ ಚಿನ್ನದ ವಸ್ತುವು ಅಂತಹುದೊಂದು ಕಡ್ಡಿಯ ಹಿಡಿಯಿರಬೇಕೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ವುಸ್ಟರಿನ ಬಿಷಪ್ ವೆರ್ಫರ್ತನಿಗೆ ಹೋದ ಪ್ರತಿಯು ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಕಡ್ಡಿಯನ್ನು ಪುಸ್ತಕದಿಂದಾಗಲಿ, ಪುಸ್ತಕವನ್ನು ಚರ್ಚಿನಿಂದಾಗಲಿ ಯಾರೂ ಒಯ್ಯಬಾರದೆಂದು ಅದರ ಮುನ್ನುಡಿಯಲ್ಲಿ ಅರಸನು ಆಜ್ಞಾಪಿಸಿದ್ದಾನೆ. ಬಿಷಪನು ಅದನ್ನು ತನ್ನೊಡನೆ ಇರಿಸಿಕೊಳ್ಳಬಯಸಿದರೆ, ಅಥವಾ ಅದು ಎರವಲು ಹೋಗಿದ್ದರೆ, ಅಥವಾ ಯಾರಾದರೂ ಅದರಿಂದ ಇನ್ನೊಂದು ಪ್ರತಿಯನ್ನು ಬರೆದುಕೊಳ್ಳುತ್ತಿದ್ದರೆ ಮಾತ್ರ ವಿನಾಯಿತಿ.