ಕೋಟೆಗೆ ಮುನ್ನ ಪೇಟೆ

ಚಿತ್ರದುರ್ಗದ ಕೋಟೆಗೆ ಏಳು ಸುತ್ತು ಎಂಬುದು ನಾಡಿಗೆಲ್ಲ ಗೊತ್ತಿರುವ ಮಾತು. ಗೈಡ್ ಜೊತೆ ಬೆಟ್ಟ ಹತ್ತುವ ಪ್ರವಾಸಿಗರ ಗುಂಪು ಟಿಕೆಟ್ ಕೊಡುವ ಬಾಗಿಲಿನಿಂದ ಕೋಟೆ ನೋಡಲು ಶುರು ಮಾಡುತ್ತದೆ. ಅಷ್ಟರಲ್ಲಿ ಅದು ಹೊರಗಿನ ಸುತ್ತುಗಳನ್ನು ದಾಟಿ ಬಂದಾಗಿರುತ್ತದೆ. ಆ ಸುತ್ತುಗಳು ನೆಲದ ಮೇಲೆ ಊರೊಳಗೇ ಇವೆ. ಮನೆ, ಅಂಗಡಿ, ಗಲ್ಲಿಗಳ ನಡುವೆ ಗೋಡೆ ಅಲ್ಲಲ್ಲಿ ತಲೆ ಎತ್ತಿ ಮತ್ತೆ ಮರೆಯಾಗುತ್ತದೆ. ಗುಂಪು ಸೇರುವ ಮುನ್ನ ಅರ್ಧ ದಿನ ಪೇಟೆಯಲ್ಲಿ ತಿರುಗಿದವರಿಗೆ ಮಾತ್ರ ಈ ಕೋಟೆ ಬೆಟ್ಟಕ್ಕೆ ಕಟ್ಟಿದ್ದಲ್ಲ, ಒಂದು ಊರಿಗೆ ಕಟ್ಟಿದ್ದು ಎಂಬುದು ಮನದಟ್ಟಾಗುತ್ತದೆ.

ದುರ್ಗವನ್ನಾಳಿದ ಪಾಳೆಯಗಾರ ನಾಯಕರಿಗಿಂತ ಊರು ಹಳೆಯದು. ಶಾಸನಗಳಲ್ಲಿ ಇದರ ಹೆಸರು ಬೆಮ್ಮತ್ತನಕಲ್ಲು. 13ನೆಯ ಶತಮಾನದ ಕೊನೆಯಲ್ಲಿ ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಪೆರುಮಾಳೆ ಇಲ್ಲಿನ ದೇವರುಗಳಿಗೆ ದತ್ತಿ ಬಿಟ್ಟಿದ್ದ. ಪಾಳೆಯಗಾರಿಕೆಯ ಕಥೆ ಶುರುವಾಗುವುದು ಮತ್ತಿ ತಿಮ್ಮಣ್ಣ ನಾಯಕನಿಂದ. ವಿಜಯನಗರದ ಕೈಕೆಳಗೆ ಅವನು ಮೊದಲು ಹೊಳಲ್ಕೆರೆಗೆ, ಆಮೇಲೆ ಹಿರಿಯೂರಿಗೆ, ಕೊನೆಗೆ ಚಿತ್ರದುರ್ಗಕ್ಕೆ ನಾಯಕನಾದ. ಅವನ ಬಗ್ಗೆ ಒಂದು ಐತಿಹ್ಯವಿದೆ. ಶತ್ರು ಪಾಳೆಯದಿಂದ ಕುದುರೆ ಕದಿಯಲು ನುಗ್ಗಿದವನು ಹುಲ್ಲಿನಡಿ ಅಡಗಿ ಕೂತ. ಕುದುರೆಯಾಳು ಗೂಟ ಹೊಡೆಯುವಾಗ ಅದು ಅವನ ಅಂಗೈಯನ್ನೇ ತೂರಿ ನೆಲಕ್ಕಿಳಿಯಿತು. ಆದರೂ ಅವನು ತುಟಿ ಬಿಚ್ಚಲಿಲ್ಲವಂತೆ. ಅವನ ಮಗ ಓಬಣ್ಣನ ಕಾಲದಿಂದ ಕೋಟೆ ತಲೆಮಾರಿಗೊಂದಿಷ್ಟು ಬೆಳೆಯುತ್ತ ಬಂತು. ಆದ್ದರಿಂದಲೇ ಒಂದು ಸುತ್ತಿನ ಕಲ್ಲುಕಟ್ಟಡ ಇನ್ನೊಂದನ್ನು ಹೋಲುವುದಿಲ್ಲ.

ಪೇಟೆಯ ಸುತ್ತಾಟವನ್ನು ರಂಗಯ್ಯನ ಬಾಗಿಲಿನಿಂದ ಆರಂಭಿಸುವುದು ಸೂಕ್ತ. ಸರ್ಕಾರಿ ವಸ್ತುಸಂಗ್ರಹಾಲಯವೂ ಅದರ ಪಕ್ಕದಲ್ಲೇ ಇದೆ. ಅಲ್ಲಿಂದ ಉಚ್ಚಂಗಿಯಲ್ಲಮ್ಮನ ಎರಡಂತಸ್ತಿನ ಗುಡಿ, ಸಂತೆ ಹೊಂಡ, ಸಿಹಿನೀರು ಹೊಂಡ ಇವನ್ನೆಲ್ಲ ನಡೆದೇ ನೋಡಬಹುದು. ಹೊಂಡಗಳನ್ನು ಕೆಳಗಿನಿಂದ ನೋಡುತ್ತ ಹೋದರೆ ದುರ್ಗದ ನೀರಿನ ಲೆಕ್ಕಾಚಾರ ತಾನಾಗಿ ಬಿಡಿಸಿಕೊಳ್ಳುತ್ತದೆ. ಇದು ಮಳೆ ಕಡಿಮೆಯ ಸೀಮೆ, ಸುತ್ತ ಬರಿಯ ಬಂಡೆ. ಆ ಬಂಡೆಗಳ ಮೇಲೆ ಸುರಿದ ನೀರು ಮೇಲುದುರ್ಗದ ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುತ್ತಿತ್ತು. ಅದು ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಅದೂ ತುಂಬಿದರೆ ಇನ್ನೂ ಕೆಳಗೆ, ಹೀಗೆ ಊರಿನ ಹೊಂಡಗಳವರೆಗೆ ಹರಿದು ಬರುತ್ತಿತ್ತು. ಹರಿದುಹೋಗುವ ನೀರನ್ನು ಹಂತಹಂತವಾಗಿ ಹಿಡಿದಿಟ್ಟವರ ಜಾಣ್ಮೆಗೆ ಗೋಡೆ ಕಟ್ಟಿದವರ ಜಾಣ್ಮೆಗಿಂತ ಹೆಚ್ಚಿನ ಗೌರವ ಸಲ್ಲಬೇಕು. ತಿಂಗಳುಗಟ್ಟಲೆ ಮುತ್ತಿಗೆಯನ್ನು ತಾಳಿಕೊಳ್ಳಲು ಕೋಟೆಗೆ ಕಲ್ಲಿನಷ್ಟೇ ನೀರೂ ಬೇಕಿತ್ತು.

ಬೆಟ್ಟದ ಬಾಗಿಲಲ್ಲಿ ನಾಗ, ಗಂಡಭೇರುಂಡದ ಉಬ್ಬುಶಿಲ್ಪಗಳಿವೆ. ಮುಂದಿನ ದಾರಿ ನೇರವಾಗಿ ಎಲ್ಲೂ ಹೋಗುವುದಿಲ್ಲ. ಪ್ರತಿ ಬಾಗಿಲಿಗೂ ಮುನ್ನ ದಾರಿ ತಿರುಗುತ್ತದೆ. ಆನೆ ಓಡಿಬಂದು ಕದಕ್ಕೆ ಹಾಯುವಷ್ಟು ಜಾಗ ಅಲ್ಲಿ ಸಿಗದು. ತಿರುವಿನಲ್ಲಿ ಸಿಕ್ಕಿಕೊಂಡ ಸೈನಿಕರ ಮೇಲೆ ಎರಡೂ ಕಡೆಯ ಗೋಡೆಗಳಿಂದ ಗುಂಡು ಹಾರಿಸಬಹುದಿತ್ತು. ಗಾರೆಯಿಲ್ಲದೆ ಕೂಡಿಸಿದ ಕಲ್ಲುಗಳ ಸಂದಿಯಲ್ಲಿ ಬೆರಳು ತೂರುವುದು ಕಷ್ಟ. ದಾರಿಯ ಅಕ್ಕಪಕ್ಕದ ಬಂಡೆಗಳ ಮೇಲೆ ಸಾಲಾಗಿ ಸಣ್ಣ ಚೌಕ ಗುಳಿಗಳು ಕಾಣುತ್ತವೆ. ಕಲ್ಲು ಸೀಳಲು ಬೆಣೆ ಹೊಡೆದ ಗುರುತುಗಳವು. ಕೆಲವು ಬಂಡೆಗಳಲ್ಲಿ ಗುಳಿ ತೋಡಿದ್ದಾಗಿದೆ, ಕಲ್ಲು ಮಾತ್ರ ಸೀಳಿಲ್ಲ.

ಮದ್ದು ಬೀಸುವ ಕಲ್ಲುಗಳ ಬಳಿ ಎಲ್ಲರೂ ನಿಲ್ಲುತ್ತಾರೆ. ಆಳವಾದ ಕಟ್ಟೆಯೊಳಗೆ ನಾಲ್ಕು ಭಾರಿ ಬೀಸುಕಲ್ಲುಗಳಿವೆ. ನಡುವಿನ ಹಲ್ಲುಗಾಲಿಯನ್ನು ಪ್ರಾಣಿಗಳಿಂದ ತಿರುಗಿಸಿದರೆ ನಾಲ್ಕೂ ಒಟ್ಟಿಗೆ ತಿರುಗಿ ಕೋವಿಮದ್ದು ಅರೆಯುತ್ತಿದ್ದವು. ಮರದ ಗಾಲಿ ಎಂದೋ ಹೋಯಿತು, ಕಲ್ಲುಗಳು ಉಳಿದಿವೆ. ಇನ್ನೂ ಮೇಲೆ ಉಯ್ಯಾಲೆ ಕಂಬದ ಏಕನಾಥೇಶ್ವರಿ ಗುಡಿ, ಹಿಡಿಂಬೇಶ್ವರ, ನಾಯಕರ ಪಟ್ಟಾಭಿಷೇಕ ನಡೆಯುತ್ತಿದ್ದ ಸಂಪಿಗೆ ಸಿದ್ಧೇಶ್ವರ, ಮುರುಘಾಮಠ, ಟಂಕಸಾಲೆ, ಕಣಜಗಳಿವೆ. ಅರಮನೆಯ ಜಾಗದಲ್ಲಿ ಈಗ ಇರುವುದು ಮಣ್ಣಿನ ಗೋಡೆಗಳಷ್ಟೆ.

ಆ ಮಣ್ಣಿನ ಗೋಡೆಗಳಿಗೆ ಕಾರಣ ತಿಳಿಯಲು 1779ಕ್ಕೆ ಹೋಗಬೇಕು. ಮತ್ತೆಮತ್ತೆ ಮುತ್ತಿಗೆ ಹಾಕಿದ ಹೈದರಾಲಿ ಆ ವರ್ಷ ಕೋಟೆಯನ್ನು ವಶಮಾಡಿಕೊಂಡ. ಕೊನೆಯ ಮದಕರಿ ನಾಯಕ ಸೆರೆಯಾಳಾಗಿ ಶ್ರೀರಂಗಪಟ್ಟಣ ಸೇರಿದ. ದುರ್ಗದ ಬೇಡ ಪಡೆಯವರ ಕುಟುಂಬಗಳನ್ನೂ ಅಲ್ಲಿಗೆ ಸಾಗಿಸಲಾಯಿತು. ಬ್ರಿಟಿಷ್ ಬರಹಗಾರರು ಕೊಡುವ ಲೆಕ್ಕ 20,000 ಜನ. ಆಳುವ ಮನೆತನದ ಜೊತೆ ಕಾಯುವ ಜನರೂ ಹೋದ ಮೇಲೆ ಮೇಲುದುರ್ಗ ಬಿಕೋ ಎಂದಿತು. ಟಿಪ್ಪುವಿನ ಕಾಲದಲ್ಲಿ ಊರಿನ ಹೆಸರು ಫರ್ರುಖ್‌ಯಾಬ್ ಹಿಸಾರ್ ಎಂದಾಯಿತು. 1783ರಲ್ಲಿ ಬಿದನೂರಿನಲ್ಲಿ ಸಿಕ್ಕಿಬಿದ್ದ ಇಂಗ್ಲಿಷ್ ಅಧಿಕಾರಿಗಳಲ್ಲಿ ಕೆಲವರನ್ನು ಇಲ್ಲಿ ಕೂಡಿಹಾಕಿದ್ದರು. 1799ರ ನಂತರ ಕೆಲಕಾಲ ಇದ್ದ ಬ್ರಿಟಿಷ್ ಪಡೆ ಇಲ್ಲಿನ ಹವೆ ಒಗ್ಗದೆ ಹೊರಟುಹೋಯಿತು.

ಆ ಬಳಿಕ ಕೋಟೆ ನೋಡಲು ಬಂದವರ ಸರದಿ. ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಬಂದ. ಅವನು ಬರೆದುಕೊಂಡದ್ದರಲ್ಲಿ ಯುದ್ಧಕ್ಕಿಂತ ಬೆಳೆ, ವ್ಯಾಪಾರ, ಜನಜೀವನವೇ ಹೆಚ್ಚು. ಕನ್ನಡದಲ್ಲಿ ಎಂ. ಎಸ್. ಪುಟ್ಟಣ್ಣನವರು ಪಾಳೆಯಗಾರರ ಚರಿತ್ರೆ ಬರೆದರು. ಹುಲ್ಲೂರು ಶ್ರೀನಿವಾಸ ಜೋಯಿಸರು ಊರೂರು ಅಲೆದು ಕಾಗದಪತ್ರ, ಶಾಸನಗಳನ್ನು ಹುಡುಕಿ ತೆಗೆದರು. ಆದರೆ ಇಂದು ಕೋಟೆಯಲ್ಲಿ ಕೇಳಿಬರುವ ಮಾತಿಗೆ ಕಾವು ಕೊಟ್ಟದ್ದು ತ. ರಾ. ಸು. ಅವರ ಕಾದಂಬರಿಗಳು. ‘ಕಂಬನಿಯ ಕುಯಿಲಿ’ನಿಂದ 1982ರ ‘ದುರ್ಗಾಸ್ತಮಾನ’ದವರೆಗೆ ಅವರು ನಾಯಕರ ಕಥೆಯನ್ನು ಮನೆಮನೆಗೆ ಮುಟ್ಟಿಸಿದರು. ಅವರದೇ ಕಾದಂಬರಿಗಳನ್ನು ಆಧರಿಸಿ 1972ರಲ್ಲಿ ಪುಟ್ಟಣ್ಣ ಕಣಗಾಲ್ ‘ನಾಗರಹಾವು’ ತೆಗೆದರು. ಗಂಡ ಕಹಳೆ ಮುದ್ದಹನುಮ ಉಣ್ಣಲು ಕೂತಿದ್ದಾಗ ನೀರಿಗೆಂದು ಹೋದ ಓಬವ್ವ, ಕಿಂಡಿಯಲ್ಲಿ ನುಸುಳಿ ಬರುತ್ತಿದ್ದ ಹೈದರನ ಸೈನಿಕರನ್ನು ಒನಕೆಯಿಂದ ಒಬ್ಬೊಬ್ಬರನ್ನಾಗಿ ಕೊಂದ ಕಥೆಯನ್ನು ಆ ಚಿತ್ರದ ಹಾಡೊಂದು ನಾಡಿನ ಮಕ್ಕಳಿಗೆಲ್ಲ ಬಾಯಿಪಾಠ ಮಾಡಿಸಿತು. ಗೈಡ್ ಆ ಕಿಂಡಿಯ ಮುಂದೆ ದನಿ ಏರಿಸಿದಾಗ ಕೇಳುವವರ ಕಣ್ಣಿಗೆ ಕಟ್ಟುವುದು ಬಹುಪಾಲು ಆ ಚಿತ್ರದ ದೃಶ್ಯವೇ. ಇದರಲ್ಲಿ ಕೊರತೆಯೇನೂ ಇಲ್ಲ. ಅರಸರ ಪಟ್ಟಿಯಲ್ಲಿ ಹೆಸರೇ ಬರದ ಹೆಂಗಸೊಬ್ಬಳು ಕೋಟೆಯ ಎಲ್ಲ ನಾಯಕರಿಗಿಂತ ಹೆಚ್ಚು ನೆನಪಿನಲ್ಲಿ ಉಳಿದದ್ದು ಹೀಗೆ.

ಗುಂಪಿನ ಪ್ರವಾಸಗಳಲ್ಲಿ ಹಲವು ಬಿಟ್ಟುಬಿಡುವ ಇನ್ನೊಂದು ಜಾಗ, ಬೆಟ್ಟಗಳ ನಡುವಿನ ಚಂದ್ರವಳ್ಳಿ. ಇಲ್ಲಿನ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಕೆರೆಯೊಂದನ್ನು ಕಟ್ಟಿಸಿದ ಸಂಗತಿ ಅದರಲ್ಲಿದೆ. ಅದನ್ನು ಬೆಳಕಿಗೆ ತಂದ ಡಾ. ಎಂ. ಎಚ್. ಕೃಷ್ಣ ಅವರೇ 1929ರ ಸುಮಾರಿಗೆ ಇಲ್ಲಿ ಉತ್ಖನನ ನಡೆಸಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯ ಜೊತೆಗೆ ಚಂದ್ರವಳ್ಳಿಯಲ್ಲೂ ಅಗೆದರು. ಶಾತವಾಹನರ ಕಾಲದ ನಾಣ್ಯಗಳ ಜೊತೆ ರೋಮ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸರ ಬೆಳ್ಳಿ ನಾಣ್ಯಗಳೂ ಈ ಮಣ್ಣಿನಲ್ಲಿ ಸಿಕ್ಕವು. ಅವುಗಳ ಆಧಾರದಿಂದ ಈ ಊರಿನ ಬದುಕನ್ನು ಕ್ರಿಸ್ತಶಕದ ಆರಂಭದವರೆಗೆ ಹಿಂದಕ್ಕೆ ಗುರುತಿಸಲು ಸಾಧ್ಯವಾಯಿತು.