ನಿರೋಧ ಶಬ್ದದ ಲೋಕವ್ಯವಹಾರ

ಶಾಸ್ತ್ರದಲ್ಲಿ ಒಂದರ್ಥದಿಂದ ಪ್ರಸಿದ್ಧವಾದ ಶಬ್ದವು ಲೋಕದಲ್ಲಿ ಮತ್ತೊಂದರ್ಥದಲ್ಲಿ ರೂಢವಾಗುವುದು ಹೊಸದೇನೂ ಅಲ್ಲ. ಆದರೆ ‘ನಿರೋಧ’ ಶಬ್ದಕ್ಕೆ ಒದಗಿದ ಗತಿಯು ವಿಶೇಷವಾಗಿ ವಿಚಾರಾರ್ಹವಾದದ್ದು. ‘ನಿ’ ಎಂಬ ಉಪಸರ್ಗವನ್ನುಳ್ಳ ‘ರುಧ್’ ಧಾತುವಿನಿಂದ ನಿಷ್ಪನ್ನವಾದ ಇದಕ್ಕೆ ತಡೆಯುವಿಕೆಯೆಂದರ್ಥ. ಪತಂಜಲಿಯು ಯೋಗದ ಲಕ್ಷಣವನ್ನು ಹೇಳುವಲ್ಲಿ ಇದನ್ನೇ ಬಳಸಿರುವನು. ಬೌದ್ಧರ ನಾಲ್ಕು ಆರ್ಯಸತ್ಯಗಳಲ್ಲಿ ಮೂರನೆಯದಕ್ಕೂ ಇದೇ ಹೆಸರು. ಇಂತಹ ಶಬ್ದವು 1968ರಲ್ಲಿ ಪುರುಷರು ಧರಿಸುವ ರಬ್ಬರಿನ ಕೋಶಕ್ಕೆ, ಎಂದರೆ ಕಾಂಡೋಮಿಗೆ, ಭಾರತ ಸರ್ಕಾರದಿಂದಲೇ ಹೆಸರಾಗಿ ಇಡಲ್ಪಟ್ಟಿತು. ಈ ನಾಮಕರಣದಿಂದ ಆದುದೆಷ್ಟು, ಆಗದೆ ಉಳಿದುದೆಷ್ಟು ಎಂಬುದು ಪ್ರಕೃತ ವಿಷಯ.

ಕಾಮವಿಷಯದಲ್ಲಿ ಮೌನವು ಕನ್ನಡಕ್ಕೆ ಹುಟ್ಟುಗುಣವಲ್ಲ. ಹನ್ನೊಂದನೆಯ ಶತಮಾನದಲ್ಲಿಯೇ ಚಂದ್ರರಾಜನು ‘ಮದನತಿಲಕ’ವೆಂಬ ಕಾಮಶಾಸ್ತ್ರಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ರಾಜ್ಯವ್ಯವಹಾರದಲ್ಲಿಯೂ ಮೈಸೂರು ಸಂಸ್ಥಾನವು ಹಿಂದೆಗೆಯಲಿಲ್ಲ. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1930ರಲ್ಲಿ, ಸಂತಾನನಿಯಂತ್ರಣದ ಚಿಕಿತ್ಸಾಲಯಗಳಿಗೆ ಸರ್ಕಾರದ ಅಪ್ಪಣೆಯಾಯಿತು. ಸರ್ಕಾರವೇ ನಡೆಸಿದಂಥವುಗಳಲ್ಲಿ ಇವು ಪ್ರಪಂಚದಲ್ಲಿಯೇ ಮೊದಲನೆಯವೆಂದು ಗಣಿಸುವುದುಂಟು. ಆಗ ಚಿತ್ರದುರ್ಗದ ಸೀಮೆಯೂ ಅದರ ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯೂ ಆ ಸಂಸ್ಥಾನಕ್ಕೇ ಸೇರಿದ್ದುವು. ಆದರೆ ಪಟ್ಟಣದ ದೊಡ್ಡ ಆಸ್ಪತ್ರೆಗಳಲ್ಲಿ ತೆರೆದ ಚಿಕಿತ್ಸಾಲಯವು ರಾಮಗಿರಿಯಂತಹ ಊರಿನ ಗಂಡಸಿಗೆ ಬಹುದೂರವಾಗಿದ್ದಿತು.

ಈ ದೂರವನ್ನು ಕಳೆಯಲು 1968ರ ಯೋಜನೆಯು ಹೊಸ ದಾರಿ ಹಿಡಿಯಿತು. ಬ್ರೂಕ್ ಬಾಂಡ್, ಲಿಪ್ಟನ್, ಹಿಂದೂಸ್ತಾನ್ ಲಿವರ್, ಯೂನಿಯನ್ ಕಾರ್ಬೈಡ್ ಮೊದಲಾದ ಕಂಪನಿಗಳ ಮೂಲಕ, ಚಹಾ ಸಾಬೂನುಗಳು ಹೋಗುವ ದಾರಿಯಲ್ಲಿಯೇ ‘ನಿರೋಧ್’ ಸಹ ಅಂಗಡಿಗಳನ್ನು ಸೇರುವಂತಾಯಿತು. ಮೂರಕ್ಕೆ ಹದಿನೈದು ಪೈಸೆ ಬೆಲೆ. ಉಳಿದ ವೆಚ್ಚವನ್ನು ಸರ್ಕಾರವು ವಹಿಸಿತು. ಮೊದಲು ಪರದೇಶಗಳಿಂದ ತರಿಸಿದ ಈ ಪದಾರ್ಥವು 1969ರಿಂದ ತಿರುವನಂತಪುರದ ಹಿಂದೂಸ್ತಾನ್ ಲೇಟೆಕ್ಸ್ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. 1985ರಲ್ಲಿ ಅದೇ ಸಂಸ್ಥೆಯ ಕಾರ್ಖಾನೆಯೊಂದು ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿಯೂ ಸ್ಥಾಪಿತವಾಯಿತು.

ಹೀಗೆ ಪದಾರ್ಥವು ಹತ್ತಿರ ಬಂದರೂ ಶಬ್ದವು ನಾಲಗೆಗೆ ಬರಲಿಲ್ಲ. ಲಜ್ಜೆಯನ್ನು ಮರೆಮಾಡಲೆಂದು ಇಟ್ಟ ಸಭ್ಯವಾದ ಹೆಸರು ಕಾಲಕ್ರಮದಲ್ಲಿ ಆ ಲಜ್ಜೆಯನ್ನೇ ತಾನು ಹೊರುವುದು ಭಾಷೆಯ ಸ್ವಭಾವ. ಶುಚಿತ್ವವನ್ನು ಹೇಳುತ್ತಿದ್ದ ‘ಶೌಚ’ವು ಇಂದು ಯಾವುದನ್ನು ಹೇಳುತ್ತದೆಂಬುದು ಎಲ್ಲರಿಗೂ ತಿಳಿದದ್ದೇ ಅಷ್ಟೆ. ‘ನಿರೋಧ’ಕ್ಕೂ ಅದೇ ಗತಿಯಾಯಿತು. ಅದೂ ಅಲ್ಲದೆ, ಆ ಹೆಸರು ಕುಟುಂಬಯೋಜನೆಯೊಡನೆ ಬೆಸೆದುಕೊಂಡಿದ್ದುದರಿಂದ, ಅವಿವಾಹಿತ ತರುಣನು ಅದನ್ನು ಉಚ್ಚರಿಸಿದರೆ ತನ್ನ ನಡತೆಯನ್ನೇ ಸಾರಿಕೊಂಡಂತಾಗುತ್ತಿತ್ತು.

ಈ ಮೌನವು ಪ್ರಾಣಕ್ಕೇ ಎರವಾಗಬಹುದೆಂಬುದು 1986ರ ತರುವಾಯ ಸ್ಪಷ್ಟವಾಯಿತು. ಆ ವರ್ಷ ಚೆನ್ನೈಯಲ್ಲಿ ಡಾ. ಸುನೀತಿ ಸಾಲೊಮನ್ನರು ಭಾರತದಲ್ಲಿ ಮೊದಲಬಾರಿಗೆ ಎಚ್.ಐ.ವಿ. ಸೋಂಕನ್ನು ಗುರುತಿಸಿದರು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೂ 1997ರಲ್ಲಿ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯೂ ಏರ್ಪಟ್ಟವು. ಗರ್ಭವನ್ನು ತಡೆಯುವುದೆನಿಸಿದ್ದ ವಸ್ತುವೇ ಈಗ ರೋಗವನ್ನು ತಡೆಯುವ ಸಾಧನವೆಂದು ಬೋಧಿಸಲ್ಪಟ್ಟಿತು. ಲಾರಿ ಚಾಲಕರಿಗೂ ಊರು ಬಿಟ್ಟು ದುಡಿಯುವವರಿಗೂ ಪ್ರತ್ಯೇಕ ಕಾರ್ಯಕ್ರಮಗಳಾದವು. ಹಿರಿಯೂರು ಚಿತ್ರದುರ್ಗಗಳನ್ನು ಹಾಯ್ದು ಪುಣೆಗೆ ಹೋಗುವ ಹೆದ್ದಾರಿಯುಳ್ಳ ಜಿಲ್ಲೆಗೆ ಇದು ಪರರ ವಿಷಯವಾಗಿರಲಿಲ್ಲ.

ಆದರೂ ಸಮಾಜವು ಏಕಮನಸ್ಕವಾಗಿರಲಿಲ್ಲ. 2007ರಲ್ಲಿ ಪ್ರೌಢಶಾಲೆಗಳ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಕೆಲವು ರಾಜ್ಯಗಳು ನಿರಾಕರಿಸಿದಾಗ ಕರ್ನಾಟಕವೂ ಅವುಗಳಲ್ಲಿ ಒಂದಾಗಿದ್ದಿತು. ಅದೇ ಸುಮಾರಿಗೆ ಬಿ.ಬಿ.ಸಿ. ವರ್ಲ್ಡ್ ಸರ್ವೀಸ್ ಟ್ರಸ್ಟಿನವರು ಕರ್ನಾಟಕವೂ ಸೇರಿದಂತೆ ನಾಲ್ಕು ರಾಜ್ಯಗಳ ಗಂಡಸರನ್ನು ಉದ್ದೇಶಿಸಿ ಬೇರೊಂದು ಪ್ರಯತ್ನವನ್ನು ಕೈಕೊಂಡರು. ಅದರ ಚಿತ್ರವೊಂದರಲ್ಲಿ ಕಬಡ್ಡಿಯಾಟಗಾರನು ಉಸಿರು ಬಿಡದೆ ‘ಕಾಂಡೋಮ್’ ಎನ್ನುತ್ತಾನೆ. ಮತ್ತೊಂದರಲ್ಲಿ ಗಿಣಿಯು ಅದನ್ನೇ ನುಡಿಯುತ್ತದೆ. 2008ರಲ್ಲಿ ಮೊಬೈಲಿನ ಕರೆಗಂಟೆಯೂ ಅದನ್ನೇ ಹಾಡಿತು. ನಗೆಗೆ ಕಾರಣವಾದ ಈ ಯತ್ನದ ತತ್ತ್ವವು ಗಂಭೀರವಾದದ್ದು: ಶಬ್ದವನ್ನು ಮುಚ್ಚುವುದರ ಬದಲು, ಪುನಃಪುನಃ ನುಡಿಸಿ ಅದರ ಕಳಂಕವನ್ನು ಸವೆಯಿಸುವುದು.

ಮೌನದ ಭಾರವನ್ನು ಹೊತ್ತವರು ಗಂಡಸರು ಮಾತ್ರವಲ್ಲ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 49 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ಕಾಂಡೋಮನ್ನು ಅವಲಂಬಿಸಿದ್ದ ದಂಪತಿಗಳು ನೂರಕ್ಕೆ ಇಬ್ಬರಿಗಿಂತ ಕಡಮೆ. ಗಂಡನು ಅಂಗಡಿಯಲ್ಲಿ ಕೇಳಲಾರದೆ ಹೋದುದಕ್ಕೆ ಹೆಂಡತಿಯು ಆಸ್ಪತ್ರೆಯಲ್ಲಿ ಬೆಲೆ ತೆತ್ತಳೆಂದರೆ ಅದರಲ್ಲಿ ಅಸತ್ಯವಿಲ್ಲ. ಬೇರೆ ಕಾರಣಗಳೂ ಇದ್ದುವೆಂಬುದನ್ನು ಮರೆಯತಕ್ಕದ್ದಲ್ಲ.

ಆದುದರಿಂದ ಈ ಚರಿತ್ರೆಯಿಂದ ತಿಳಿಯತಕ್ಕದ್ದಿಷ್ಟು. ಶಬ್ದದ ಶುದ್ಧಿಯು ಅದರ ಮೂಲದಲ್ಲಿಲ್ಲ, ಪ್ರಯೋಗದಲ್ಲಿದೆ. ಪತಂಜಲಿಯಷ್ಟು ಹಳೆಯ ನಾಮವೂ ಹೇಳಲಾಗದಿದ್ದರೆ ನಿಷ್ಫಲವೇ. ತದ್ಭವವೂ ಅಲ್ಲದ ಪರಭಾಷೆಯ ಶಬ್ದವು ತರುಣನ ಬಾಯಲ್ಲಿ ಸಂಕೋಚವಿಲ್ಲದೆ ಹೊರಡುವುದಾದರೆ ಅದೇ ಸಾಧುಶಬ್ದ. ಮದನತಿಲಕದ ಭಾಷೆಯಲ್ಲಿ ಇದನ್ನು ಹೇಳಲು ಅಧ್ಯಾಪಕರು ಅಂಜಬೇಕಾದ ಕಾರಣವಿಲ್ಲ.