ನಾಲ್ಕು ಸರ್ವರ್, ಒಂದೇ ಫೈಲ್ ಸಿಸ್ಟಮ್: ಯಾವ ಓಎಸ್ ಹಾಕೋಣ?

ನೋಯ್ಡಾ ಸೆಕ್ಟರ್ 62ರ ಆಫೀಸುಗಳಲ್ಲಿ ಸರ್ವರ್ ನೋಡ್ಕೊಳ್ಳೋ ನಮ್ಮ ಕನ್ನಡದವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತೆ: ನಾಲ್ಕು ಸರ್ವರ್ ಸೇರಿ ಒಂದೇ ಫೈಲ್ ಸಿಸ್ಟಮ್ ಬಳಸಬೇಕು, ಯಾವ ಓಎಸ್ ಹಾಕೋಣ? ಇವತ್ತು ಉತ್ತರವನ್ನ ಇತಿಹಾಸದಲ್ಲಿ ಹುಡುಕೋಣ. ಅದರಲ್ಲಿ ಬೆಂಗಳೂರಿನ ಪಾಲೂ ಇದೆ.

ಒಂದೇ ಲೆಕ್ಕದ ಪುಸ್ತಕದಲ್ಲಿ ಇಬ್ಬರು ಗುಮಾಸ್ತರು ಒಟ್ಟಿಗೆ ಬರೆದರೆ ಲೆಕ್ಕ ಕೆಡುತ್ತೆ. ಒಂದೇ ಡಿಸ್ಕಿಗೆ ಎರಡು ಸರ್ವರ್ ಬರೆದರೂ ಅಷ್ಟೇ. ಎಕ್ಸ್‌ಎಫ್‌ಎಸ್ ಥರದ ಫೈಲ್ ಸಿಸ್ಟಮ್‌ಗಳು ಒಂದೇ ಯಂತ್ರಕ್ಕಾಗಿ ಕಟ್ಟಿದವು. ಹಲವು ಯಂತ್ರ ಅಂದಾಗ "ಈಗ ನಾನು ಬರೀತಿದ್ದೀನಿ, ನೀನು ತಡಿ" ಅನ್ನೋ ಲಾಕ್ ಬೇಕು. 1980ರ ದಶಕದಲ್ಲೇ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ ವ್ಯಾಕ್ಸ್‌ಕ್ಲಸ್ಟರ್‌ಗಾಗಿ ಈ ಲಾಕನ್ನ ವಿಎಂಎಸ್ ಓಎಸ್ ಒಳಗೇ ಇಟ್ಟಿತು. 2006ರಲ್ಲಿ ಓಸಿಎಫ್‌ಎಸ್2 ಮತ್ತು ಜಿಎಫ್‌ಎಸ್2 ಲಿನಕ್ಸ್ ಕರ್ನಲ್ ಒಳಗೆ ಸೇರಿದವು. ವ್ಯವಸ್ಥೆ ಗಟ್ಟಿಯೇ. ಆದರೆ ಸ್ಟೋರೇಜಿನ ಹಣೆಬರಹ ಓಎಸ್ ಜೊತೆ ಗಂಟು ಬಿತ್ತು.

ಗ್ಲಸ್ಟರ್ ಬೇರೆ ದಾರಿ ಹಿಡಿಯಿತು. 2005ರಲ್ಲಿ ಶುರುವಾದ ಈ ಕಂಪನಿಯ ಮುಖ್ಯ ಕಚೇರಿ ಅಮೆರಿಕದಲ್ಲಿ, ಎಂಜಿನಿಯರಿಂಗ್ ಕೆಲಸ ಬೆಂಗಳೂರಿನಲ್ಲಿ. ಕರ್ನಲ್ ಮುಟ್ಟದೆ, ಫ್ಯೂಸ್ ಮೂಲಕ ಸಾಮಾನ್ಯ ಪ್ರೋಗ್ರಾಮಿನ ಹಾಗೆ ಓಡುತ್ತೆ. ಯಾವ ಫೈಲ್ ಯಾವ ಸರ್ವರಿನಲ್ಲಿದೆ ಅಂತ ಹೇಳೋಕೆ ಪ್ರತ್ಯೇಕ ಮೆಟಾಡೇಟಾ ಸರ್ವರ್ ಇಲ್ಲ, ಹೆಸರಿನ ಲೆಕ್ಕದಿಂದಲೇ ಗೊತ್ತಾಗುತ್ತೆ. ಶಾರ್ಡಿಂಗ್, ಡಿಸ್ಪರ್ಸ್ ಹಾಕದಿದ್ದರೆ ಕೆಳಗಿನ ಡಿಸ್ಕಿನಲ್ಲಿ ನಿಮ್ಮ ಫೈಲು ಇಡಿಯಾಗಿ, ಮಾಮೂಲಿ ಫೈಲಾಗೇ ಇರುತ್ತೆ. 2011ರಲ್ಲಿ ರೆಡ್ ಹ್ಯಾಟ್ ಸುಮಾರು 13.6 ಕೋಟಿ ಡಾಲರ್ ಕೊಟ್ಟು ಗ್ಲಸ್ಟರನ್ನ ಕೊಂಡಿತು.

ಮುಂದಿನದು ನಿಮಗೂ ನೆನಪಿರಬಹುದು. 2029ರವರೆಗೆ ಇರುತ್ತೆ ಅಂತ ನಂಬಿದ್ದ ಸೆಂಟ್‌ಓಎಸ್ 8ನ್ನ 2021ಕ್ಕೇ ಮುಗಿಸ್ತೀವಿ ಅಂತ 2020ರ ಡಿಸೆಂಬರಿನಲ್ಲಿ ಘೋಷಣೆ ಬಂತು. ಗ್ಲಸ್ಟರ್ ಓಡಿಸ್ತಿದ್ದವರಿಗೆ ಡೆಬಿಯನ್, ಉಬುಂಟು, ಅಲ್ಮಾ ಅಂತ ಬೇರೆ ದಾರಿಗಳಿದ್ದವು. ಆದರೆ ರೆಡ್ ಹ್ಯಾಟ್ ಮಾರುತ್ತಿದ್ದ ಗ್ಲಸ್ಟರ್ ಸ್ಟೋರೇಜಿನ ಬೆಂಬಲವೂ 2024ರ ಕೊನೆಗೆ ನಿಂತಿತು. 2025ರಲ್ಲಿ ಬಂದ ಆರ್‌ಎಚ್‌ಇಎಲ್ 10ರಲ್ಲಿ ಜಿಎಫ್‌ಎಸ್2 ಇಲ್ಲ. ಓಎಸ್‌ಗೆ ಒಂದು ಆಯಸ್ಸು, ಸ್ಟೋರೇಜಿಗೆ ಇನ್ನೊಂದು. ನಿಮ್ಮ ಡೇಟಾ ಎರಡಕ್ಕಿಂತ ಹೆಚ್ಚು ಬದುಕಬೇಕು.

ಅದಕ್ಕೇ ಓಎಸ್ ಹೆಸರಿಗಿಂತ ಮೊದಲು ಮೂರು ವಿಷಯ ಕೇಳಿ. ಸ್ಟೋರೇಜ್ ಕರ್ನಲ್ ಒಳಗಿದೆಯೋ, ಹೊರಗೋ? ಎರಡರ ಬೆಂಬಲದ ಕೊನೇ ದಿನಾಂಕ ಯಾವುದು? ಎರಡೂ ನಿಂತರೆ ಡೇಟಾ ಹೊರಗೆ ತೆಗೆಯೋದು ಹೇಗೆ? ಮೂರನೆಯದಕ್ಕೆ ಕಾಗದದ ಉತ್ತರ ಸಾಲದು. ಒಂದು ಟೆಸ್ಟ್ ಸರ್ವರಿನಲ್ಲಿ ತೆಗೆದು ನೋಡಿ, ಆಮೇಲೆ ಮ್ಯಾನೇಜರಿಗೆ ಹೂಂ ಅನ್ನಿ.